ಉಪಾಧ್ಯಾಯರ ತರಬೇತಿಯ ಎರಡು ಕವಲುಗಳು: ವಿಶೇಷ ಅಗತ್ಯವುಳ್ಳ ಮಕ್ಕಳ ಪ್ರಾಥಮಿಕ ಶಿಕ್ಷಣವನ್ನು ಕುರಿತು

ಭಾರತದ ಪ್ರಾಥಮಿಕ ಶಿಕ್ಷಣದ ಚರಿತ್ರೆಯಲ್ಲಿ ಶಾಲೆಗಳ ಸಂಖ್ಯೆ, ಮಕ್ಕಳ ದಾಖಲೆ, ಸರ್ಕಾರದ ಅನುದಾನ ಇವುಗಳಿಗೆ ದೊರೆತಷ್ಟು ಗಮನ ಉಪಾಧ್ಯಾಯರ ತರಬೇತಿಗೆ ದೊರೆತಿಲ್ಲ. ಅದರಲ್ಲಿಯೂ ದೃಷ್ಟಿ, ಶ್ರವಣ, ಅಂಗ ಅಥವಾ ಬುದ್ಧಿಯ ನ್ಯೂನತೆಯಿಂದಲೋ, ಓದುಬರಹದಲ್ಲಿ ತೋರುವ ವಿಶಿಷ್ಟ ತೊಡಕಿನಿಂದಲೋ ಉಳಿದವರ ಜೊತೆ ಸಮಸಮನಾಗಿ ಸಾಗಲಾರದ ಮಗುವಿಗೆ ಪಾಠ ಹೇಳುವ ಬಗೆಯನ್ನು ಉಪಾಧ್ಯಾಯರಿಗೆ ಯಾರು ಕಲಿಸಿದರು, ಎಲ್ಲಿ ಕಲಿಸಿದರು, ಎಂದಿನಿಂದ ಕಲಿಸಿದರು ಎಂಬ ಪ್ರಶ್ನೆ ಬಹುಮಟ್ಟಿಗೆ ಬದಿಗುಳಿದಿದೆ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಈ ಪ್ರಶ್ನೆಯನ್ನು. ಇಂಥ ಮಗುವು ಸಾಧ್ಯವಾದ ಮಟ್ಟಿಗೂ ಸಾಮಾನ್ಯ ಶಾಲೆಯಲ್ಲಿಯೇ ಕಲಿಯಬೇಕೆಂಬ ಮಾತು ನಮ್ಮ ದೇಶದ ಸರ್ಕಾರಿ ವರದಿಗಳಲ್ಲಿ ೧೯೪೪ರಿಂದಲೇ ಕಾಣಬರುತ್ತದೆ. ಆದರೂ ಸಾಮಾನ್ಯ ಉಪಾಧ್ಯಾಯರ ತರಬೇತಿಯು ಆ ಮಾತಿಗೆ ಹೊಂದಿಕೊಳ್ಳಲು ದಶಕಗಳೇ ಹಿಡಿದವು. ಈ ವಿಳಂಬಕ್ಕೆ ಮುಖ್ಯ ಕಾರಣವು ತರಬೇತಿಯು ಎರಡು ಕವಲುಗಳಾಗಿ ಬೆಳೆದು ಬಂದ ರೀತಿಯಲ್ಲಿ ಅಡಗಿದೆಯೆಂಬುದು ನಮ್ಮ ಅಭಿಪ್ರಾಯ.

ಆಯಾ ಕಾಲದ ದಾಖಲೆಗಳು ಬಳಸಿದ ಪದಗಳನ್ನೇ ನಾವು ಆಯಾ ಸಂದರ್ಭದಲ್ಲಿ ಉಳಿಸಿಕೊಂಡಿದ್ದೇವೆ. ಅವುಗಳಲ್ಲಿ ಕೆಲವು ಇಂದು ಗೌರವಯುತವೆನಿಸುವುದಿಲ್ಲ ಎಂಬುದನ್ನು ವಾಚಕರು ಬಲ್ಲರು.

ಮೊದಲ ಕವಲಿನ ಮೂಲವು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿದೆ. ೧೮೮೦ರ ದಶಕದಲ್ಲಿ ಮುಂಬಯಿಯಲ್ಲಿ ಕಿವುಡ ಮಕ್ಕಳಿಗಾಗಿ, ೧೮೮೭ರಲ್ಲಿ ಅಮೃತಸರದಲ್ಲಿ ಅಂಧರಿಗಾಗಿ, ೧೮೯೩ರಲ್ಲಿ ಕಲ್ಕತ್ತೆಯಲ್ಲಿ ಕಿವುಡರಿಗಾಗಿ ಶಾಲೆಗಳು ಹುಟ್ಟಿಕೊಂಡವು. ೧೯೦೧ರಲ್ಲಿ ಮೈಸೂರಿನಲ್ಲಿಯೂ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ ಆರಂಭವಾಯಿತು. ಇವು ಬಹುಪಾಲು ಮಿಷನರಿಗಳ ಹಾಗೂ ಪರೋಪಕಾರಿ ಗೃಹಸ್ಥರ ಶ್ರಮದ ಫಲ. ಬೆರಳಿನಿಂದ ಓದುವ ಲಿಪಿ, ತುಟಿಯ ಚಲನೆಯಿಂದ ಮಾತನ್ನು ಗ್ರಹಿಸುವ ಕ್ರಮ ಮುಂತಾದ ಕುಶಲತೆಗಳು ಈ ಶಾಲೆಗಳ ಆವರಣದೊಳಗೆ ಬೆಳೆದು ಅಲ್ಲಿಯೇ ಉಳಿದವು. ಅದೇ ಕಾಲದಲ್ಲಿ ಊರೂರಿನ ಶಾಲೆಗಳಿಗೆ ಉಪಾಧ್ಯಾಯರನ್ನು ಸಿದ್ಧಗೊಳಿಸುತ್ತಿದ್ದ ನಾರ್ಮಲ್ ಸ್ಕೂಲುಗಳ ಪಾಠಕ್ರಮವು ಇಂಥ ಮಗುವೊಂದು ತರಗತಿಗೆ ಬರಬಹುದೆಂದು ಎಣಿಸಿಯೇ ಇರಲಿಲ್ಲ. ಹೀಗೆ ಆರಂಭದಲ್ಲಿಯೇ ಎರಡು ವಿದ್ಯೆಗಳು ಬೇರೆ ಬೇರೆಯಾದವು.

ಯುದ್ಧೋತ್ತರ ಶಿಕ್ಷಣವನ್ನು ಕುರಿತ ೧೯೪೪ರ ಸಾರ್ಜೆಂಟ್ ವರದಿಯು ಅಂಗವಿಕಲ ಮಕ್ಕಳ ಶಿಕ್ಷಣವು ರಾಷ್ಟ್ರೀಯ ಶಿಕ್ಷಣ ವ್ಯವಸ್ಥೆಯ ಅಂಗವಾಗಿರಬೇಕೆಂದೂ, ನ್ಯೂನತೆಯ ಸ್ವರೂಪ ಅನಿವಾರ್ಯಗೊಳಿಸಿದಲ್ಲಿ ಮಾತ್ರ ಮಗುವನ್ನು ಪ್ರತ್ಯೇಕ ಶಾಲೆಗೆ ಕಳುಹಿಸಬೇಕೆಂದೂ ಸೂಚಿಸಿತು. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು (೧೯೬೪–೬೬) ಇದೇ ಮಾತನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿತು. ೧೯೬೮ರ ರಾಷ್ಟ್ರೀಯ ನೀತಿಯು ಅದನ್ನು ಅಂಗೀಕರಿಸಿತು. ೧೯೭೪ರಲ್ಲಿ ಕೇಂದ್ರ ಸರ್ಕಾರವು ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯನ್ನು ಜಾರಿಗೆ ತಂದಿತು. ಪುಸ್ತಕ, ಸಮವಸ್ತ್ರ, ಪ್ರಯಾಣದ ವೆಚ್ಚ, ವಿಶೇಷ ಶಿಕ್ಷಕರ ಸಂಬಳ ಇವೆಲ್ಲವೂ ಅದರಲ್ಲಿ ಸೇರಿದ್ದವು. ಆದರೆ ಈ ಯೋಜನೆಯು ಮೊದಲು ಸಮಾಜಕಲ್ಯಾಣ ಇಲಾಖೆಯ ವಶದಲ್ಲಿದ್ದು, ೧೯೮೨ರಲ್ಲಿ ಮಾತ್ರ ಶಿಕ್ಷಣ ಇಲಾಖೆಗೆ ಬಂದಿತೆಂಬುದು ಗಮನಾರ್ಹ. ಮಗುವು ಶಾಲೆಯೊಳಗೆ ಕುಳಿತ ಮೇಲೆಯೂ ಅದರ ವಿಷಯವು ಎಂಟು ವರ್ಷ ಕಾಲ ಕಲ್ಯಾಣದ ಲೆಕ್ಕದಲ್ಲಿಯೇ ಉಳಿಯಿತು.

೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯು ಉಪಾಧ್ಯಾಯರ ತರಬೇತಿಯನ್ನು, ವಿಶೇಷತಃ ಪ್ರಾಥಮಿಕ ತರಗತಿಗಳವರ ತರಬೇತಿಯನ್ನು, ಈ ಮಕ್ಕಳ ಕಷ್ಟಗಳಿಗೆ ಅನುಗುಣವಾಗಿ ತಿದ್ದಬೇಕೆಂದು ವಿಧಿಸಿತು. ಮರುವರ್ಷ, ಎಂದರೆ ೧೯೮೭ರಲ್ಲಿ, ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಯುನಿಸೆಫ್‌ನ ನೆರವಿನಿಂದ ನಡೆಸಿದ ಪ್ರಾಯೋಜನೆಯೊಂದು ನಮ್ಮ ವಿಷಯಕ್ಕೆ ಅತ್ಯಂತ ಮಹತ್ತ್ವದ್ದಾಗಿದೆ. ಆಯ್ದ ರಾಜ್ಯಗಳಲ್ಲಿ ಒಂದೊಂದು ಬ್ಲಾಕನ್ನು ಹಿಡಿದು, ಆ ಬ್ಲಾಕಿನ ಎಲ್ಲ ಶಾಲೆಗಳನ್ನೂ ಒಟ್ಟಿಗೆ ಸಿದ್ಧಗೊಳಿಸುವುದು ಅದರ ಕ್ರಮ. ತರಬೇತಿಗೆ ಮೂರು ಮೆಟ್ಟಿಲುಗಳಿದ್ದವು. ಬ್ಲಾಕಿನ ಪ್ರತಿಯೊಬ್ಬ ಪ್ರಾಥಮಿಕ ಉಪಾಧ್ಯಾಯರಿಗೂ ಸುಮಾರು ಒಂದು ವಾರದ ಶಿಕ್ಷಣ. ಅವರಲ್ಲಿ ಶೇಕಡಾ ೧೦ರಷ್ಟು ಮಂದಿಗೆ ೬ ವಾರಗಳ ತರಬೇತಿ. ಬ್ಲಾಕಿಗೆ ೮ರಿಂದ ೧೦ ಮಂದಿಗೆ ಎನ್.ಸಿ.ಇ.ಆರ್.ಟಿ.ಯ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಗಳ ಮೂಲಕ ಒಂದು ವರ್ಷದ ಬಹುವಿಧ ತರಬೇತಿ. ಮೈಸೂರಿನ ಮಹಾವಿದ್ಯಾಲಯವು ಈ ಗುಂಪಿನ ಸಂಸ್ಥೆಗಳಲ್ಲೊಂದು.

ಈ ಏರ್ಪಾಟಿನ ಗುಣವು ಅದರ ಅನುಕ್ರಮದಲ್ಲಿದೆ. ಅದು ತಜ್ಞನನ್ನು ತಳ್ಳಿಹಾಕಲಿಲ್ಲ. ಆದರೆ ತಜ್ಞನಿಗಿಂತ ಮೊದಲು ಸಾಮಾನ್ಯ ಉಪಾಧ್ಯಾಯರನ್ನು ಕರೆಯಿತು. ಮಂದವಾಗಿ ಕೇಳುವ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಹಲಗೆಯ ಮೇಲೆ ಬರೆದುದನ್ನು ಗಟ್ಟಿಯಾಗಿ ಓದಿ ಹೇಳುವುದು, ಪಾಠವನ್ನು ಸಣ್ಣ ಹಂತಗಳಾಗಿ ಒಡೆಯುವುದು ಇವಕ್ಕೆ ಒಂದು ವರ್ಷದ ವ್ಯಾಸಂಗ ಬೇಕಿಲ್ಲ. ಬ್ರೈಲ್ ಕಲಿಸಲು ಮಾತ್ರ ಅದು ಬೇಕು. ಯಾವುದು ಎಲ್ಲರಿಗೂ ಬೇಕು, ಯಾವುದು ಕೆಲವರಿಗೆ ಸಾಕು ಎಂಬ ವಿವೇಚನೆ ಈ ಮೂರು ಮೆಟ್ಟಿಲುಗಳಲ್ಲಿ ವ್ಯಕ್ತವಾಗಿದೆ.

ಮುಂದಿನ ದಶಕದ ಶಾಸನಗಳು ಈ ಜೋಡಣೆಯನ್ನು ಮುಂದುವರಿಸಲಿಲ್ಲ. ೧೯೯೨ರ ಅಧಿನಿಯಮದಿಂದ ಭಾರತೀಯ ಪುನರ್ವಸತಿ ಪರಿಷತ್ತಿಗೆ ಶಾಸನಬದ್ಧ ಅಧಿಕಾರ ದೊರೆತು, ವಿಶೇಷ ಶಿಕ್ಷಕರ ತರಬೇತಿ ಹಾಗೂ ನೋಂದಣಿ ಅದರ ವಶವಾಯಿತು. ೧೯೯೩ರ ಇನ್ನೊಂದು ಅಧಿನಿಯಮದಿಂದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ರೂಪುಗೊಂಡು ಸಾಮಾನ್ಯ ಉಪಾಧ್ಯಾಯರ ತರಬೇತಿಯನ್ನು ವಹಿಸಿಕೊಂಡಿತು. ಮೊದಲನೆಯದು ಕಲ್ಯಾಣ ಮಂತ್ರಾಲಯದ ಅಧೀನ, ಎರಡನೆಯದು ಶಿಕ್ಷಣದ ಮಂತ್ರಾಲಯದ ಅಧೀನ. ಪ್ರತಿಯೊಂದನ್ನು ಬೇರೆಯಾಗಿ ನೋಡಿದರೆ ಆಕ್ಷೇಪಕ್ಕೆ ಎಡೆಯಿಲ್ಲ. ಮಟ್ಟವಿಲ್ಲದ ತರಬೇತಿಯನ್ನು ತಡೆಯಲು ಪುನರ್ವಸತಿ ಪರಿಷತ್ತು ಅಗತ್ಯವಾಗಿಯೇ ಇದ್ದಿತು. ಆದರೆ ಎರಡನ್ನೂ ಕೂಡಿಸಿ ನೋಡಿದರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಸನ್ನಿವೇಶವಶಾತ್ ಉಂಟಾದ ವಿಭಜನೆಗೆ ಈಗ ಕಾನೂನಿನ ಬೇಲಿ ಬಿದ್ದಂತಾಯಿತು.

ಇದರ ವ್ಯಂಗ್ಯವು ಕಾಲಾನುಕ್ರಮದಿಂದಲೇ ತಿಳಿಯುತ್ತದೆ. ೧೯೯೪ರ ಜೂನಿನಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ೯೨ ಸರ್ಕಾರಗಳ ಪ್ರತಿನಿಧಿಗಳು ಸೇರಿ, ಸಾಮಾನ್ಯ ಶಾಲೆಯೇ ಎಲ್ಲ ಮಕ್ಕಳ ಶಾಲೆಯಾಗಬೇಕೆಂದು ಸಾರಿದರು. ೧೯೯೫ರಲ್ಲಿ ನಮ್ಮ ಸಂಸತ್ತು ಅಂಗವಿಕಲ ಮಗುವಿಗೆ ೧೮ ವರ್ಷ ವಯಸ್ಸಿನವರೆಗೆ ಉಚಿತ ಶಿಕ್ಷಣವನ್ನು ವಿಧಿಸಿತು. ಮಗುವಿನ ಹಕ್ಕು ಒಂದು ದಿಕ್ಕಿಗೆ ಸಾಗುತ್ತಿದ್ದಾಗ ಉಪಾಧ್ಯಾಯರ ತರಬೇತಿಯ ಏರ್ಪಾಟು ಇನ್ನೊಂದು ದಿಕ್ಕಿಗೆ ಸಾಗಿತ್ತು.

ಪರಿಣಾಮವನ್ನು ಶಾಲೆಯಲ್ಲಿಯೇ ಕಾಣಬಹುದು. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರ ನೇಮಕವಾಯಿತು; ಕರ್ನಾಟಕದಲ್ಲಿ ಇವರನ್ನು ಬಿ.ಐ.ಇ.ಆರ್.ಟಿ. ಎಂದು ಕರೆಯುವುದು ರೂಢಿಯಾಯಿತು. ಇವರ ಶ್ರಮ ದೊಡ್ಡದು. ಆದರೆ ಒಂದು ಬ್ಲಾಕಿನ ಅನೇಕ ಶಾಲೆಗಳನ್ನು ಸುತ್ತಬೇಕಾದವರು ಯಾವುದೇ ಒಂದು ಶಾಲೆಯಲ್ಲಿ ಇರಬಲ್ಲ ದಿನಗಳು ಕೆಲವೇ. ಉಳಿದ ದಿನಗಳಲ್ಲೆಲ್ಲ ಮಗುವಿನ ಮುಂದೆ ನಿಲ್ಲುವವರು ತರಗತಿಯ ಉಪಾಧ್ಯಾಯರೇ. ಅವರಿಗೆ ದೊರೆತ ಅಲ್ಪಾವಧಿಯ ಶಿಬಿರಗಳು ಆ ಹೊಣೆಗೆ ಸಾಲದಾದವು. ‘ಆ ಮಗುವಿನ ಮೇಷ್ಟರು ಬೇರೆ’ ಎಂಬ ಭಾವನೆಯು ಉಪಾಧ್ಯಾಯರ ನಿಷ್ಠುರತೆಯಿಂದ ಹುಟ್ಟಿತೆನ್ನುವುದು ಅನ್ಯಾಯ. ಅವರು ಪಡೆದ ತರಬೇತಿಯೇ ಅದನ್ನು ಕಲಿಸಿತ್ತು.

ಇತ್ತೀಚಿನ ವರ್ಷಗಳಲ್ಲಿ ಎರಡು ಕವಲುಗಳನ್ನು ಕೂಡಿಸುವ ಯತ್ನಗಳು ಕಾಣುತ್ತವೆ. ೨೦೧೪ರ ನಿಯಮಾವಳಿಯ ತರುವಾಯ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾದ ಪಠ್ಯದಲ್ಲಿ ವೈವಿಧ್ಯ ಹಾಗೂ ಸಮನ್ವಯ ಶಿಕ್ಷಣಕ್ಕೆ ಸ್ಥಾನ ದೊರೆಯಿತು. ೨೦೧೬ರ ಅಧಿನಿಯಮವು ನ್ಯೂನತೆಗಳ ಪಟ್ಟಿಯನ್ನು ೭ರಿಂದ ೨೧ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಅದರಲ್ಲಿ ಸೇರಿಸಿತು. ಹೊರನೋಟಕ್ಕೆ ಕಾಣದ ಈ ತೊಡಕನ್ನು ಮೊದಲು ಗುರುತಿಸಬಲ್ಲವರು ತರಗತಿಯ ಉಪಾಧ್ಯಾಯರಲ್ಲದೆ ಬೇರಾರು? ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೇಲ್ಕಂಡ ಎರಡು ಪರಿಷತ್ತುಗಳ ಪಠ್ಯಗಳ ನಡುವೆ ಹೆಚ್ಚಿನ ಹೊಂದಾಣಿಕೆ ಬೇಕೆಂದು ನೇರವಾಗಿ ಹೇಳಿತು. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ ಇಂಥ ೧೦ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂಬ ಪ್ರಮಾಣವನ್ನು ಸೂಚಿಸಿತು.

ಈ ಕೊನೆಯ ಕ್ರಮವು ಸ್ವಾಗತಾರ್ಹ. ಆದರೆ ಚರಿತ್ರೆಯು ಇಲ್ಲಿ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ತಜ್ಞರ ಸಂಖ್ಯೆ ಬೆಳೆದ ಮಾತ್ರಕ್ಕೆ ಸಾಮಾನ್ಯ ಉಪಾಧ್ಯಾಯರ ಸಾಮರ್ಥ್ಯವು ತಾನಾಗಿ ಬೆಳೆಯುವುದಿಲ್ಲ. ಹಿಂದೆ ಅದು ಕೆಲವೊಮ್ಮೆ ಹೊಣೆಯನ್ನು ಅವರ ಕೈಯಿಂದ ತೆಗೆದಿರಿಸುವ ನೆಪವೂ ಆಗಿದೆ. ೧೯೮೭ರ ಮೂರು ಮೆಟ್ಟಿಲುಗಳ ಕ್ರಮವನ್ನು, ಅದರಲ್ಲಿಯೂ ಎಲ್ಲರಿಗೂ ಸಲ್ಲುವ ಮೊದಲನೆಯ ಮೆಟ್ಟಿಲನ್ನು, ನಮ್ಮ ಶಿಕ್ಷಣ ಮಹಾವಿದ್ಯಾಲಯಗಳೂ ಜಿಲ್ಲಾ ತರಬೇತಿ ಸಂಸ್ಥೆಗಳೂ ಮತ್ತೊಮ್ಮೆ ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಆ ಬ್ಲಾಕುಗಳಲ್ಲಿ ಅಂದು ಪಾಠ ಹೇಳಿದ ಉಪಾಧ್ಯಾಯರಲ್ಲಿ ಅನೇಕರು ಈಗ ನಿವೃತ್ತರು. ಅವರ ಅನುಭವವನ್ನು ಸಕಾಲದಲ್ಲಿ ಬರೆದಿಟ್ಟುಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿಗಳಿಗೆ ತಕ್ಕ ಕೆಲಸವಾದೀತು.