ಕಂಬಗಳ್ಳಿಯ ತುಂಡು ಮತ್ತು ಕಳ್ಳಿಯ ಚರಿತ್ರೆ

ಕಳೆದ ಜನವರಿಯಲ್ಲಿ ನಮ್ಮ ಶಾಲೆಯ ಹೊಸ ಕೊಠಡಿಗೆ ಪಾಯ ಗುರುತು ಹಾಕಿದರು. ಸಂತೋಷವೇ. ಆದರೆ ಆ ಗೆರೆಯ ಮೇಲೆಯೇ ಎರಡಾಳೆತ್ತರದ ಕಂಬಗಳ್ಳಿ ನಿಂತಿತ್ತು. ಬುಡ ಸಮೇತ ಸಾಗಿಸುವುದು ಆಗದ ಮಾತು. ಮೊಳದುದ್ದದ ಮೂರು ತುಂಡು ಕತ್ತರಿಸಿಕೊಂಡೆವು. ಅವತ್ತೇ ನೆಟ್ಟು ಬಿಂದಿಗೆ ನೀರು ಸುರಿದ ಮೊದಲ ತುಂಡು ಬುಡದಿಂದಲೇ ಕೊಳೆಯಿತು. ತಪ್ಪು ನಮ್ಮದೇ.

"ಸಾರ್, ಇದಕ್ಕೆ ಹಾಲೇ ಬರಲಿಲ್ಲ!" ಎಂದ ಏಳನೇ ತರಗತಿಯ ಹುಡುಗ. ಒಳ್ಳೆಯ ಮಾತು. ನಮ್ಮ ನೆಲದ ಮುಂಡುಗಳ್ಳಿಯನ್ನು ಕಡಿದರೆ ಹಾಲು ಸುರಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕಂಬಗಳ್ಳಿ ಆ ಕುಲದ್ದಲ್ಲ, ಕ್ಯಾಕ್ಟಸ್ ಕುಟುಂಬದ್ದು. ಅದರ ತವರು ಅಮೆರಿಕ ಖಂಡ. ಪೆರು ದೇಶದ ಚಾವಿನ್ ಎಂಬಲ್ಲಿ ಕ್ರಿಸ್ತಪೂರ್ವ ಕಾಲದ ಕಲ್ಲಿನ ಕೆತ್ತನೆಯೊಂದರಲ್ಲಿ ಕಂಬಗಳ್ಳಿ ಹಿಡಿದು ನಿಂತ ಆಕೃತಿಯಿದೆ.

ಅಷ್ಟು ದೂರದ ಗಿಡಗಳು ಸಮುದ್ರ ದಾಟಲು ಅನುಕೂಲವಾದದ್ದು ಅವುಗಳ ಒಂದು ಗುಣ: ಕತ್ತರಿಸಿದ ತುಂಡು ಮಣ್ಣು, ನೀರು ಇಲ್ಲದೆಯೂ ವಾರಗಟ್ಟಲೆ ಜೀವ ಹಿಡಿದಿರುತ್ತದೆ. ಇದೇ ಗುಣ ಪೀಡೆಯೂ ಆಯಿತು. ಕಂಬಗಳ್ಳಿಯ ದಾಯಾದಿ ಪಾಪಾಸುಕಳ್ಳಿಯ ಕಥೆ ಕೇಳಿ. (ಪಾಪಾಸು ಎಂದರೆ ಪಾದರಕ್ಷೆ, ಆ ಗಿಡದ ಚಪ್ಪಟೆ ಕಾಂಡ ನೋಡಿದರೆ ಹೆಸರು ಒಪ್ಪುತ್ತದೆ.) ಅದರ ಮೇಲೆ ಬದುಕುವ ಕೊಚಿನಿಯಲ್ ಹುಳುವಿನಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು, ಆ ವ್ಯಾಪಾರ ಸ್ಪೇನಿನವರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೂ ಆಸೆಯಾಯಿತು. ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಮದರಾಸಿನಲ್ಲಿ ಕಳ್ಳಿತೋಟವನ್ನೇ ಮಾಡಿದ. 1795ರಲ್ಲಿ ಬ್ರೆಜಿಲ್‌ನಿಂದ ಹುಳುವೂ ಬಂತು. ಆದರೆ ಬಂದದ್ದು ಬೇರೆ ಜಾತಿ, ಬಣ್ಣ ಕಳಪೆ! ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಇನ್ನೊಂದು ಜಾತಿಯನ್ನು ಮುಟ್ಟಲಿಲ್ಲ. ಆ ಉಳಿದ ಜಾತಿ ಹೊಲ, ಗೋಮಾಳಗಳಿಗೆ ಹಬ್ಬಿತು. ಕಡಿದು ಎಸೆದರೆ ಎಸೆದಲ್ಲೇ ಬೇರು! ಕೊನೆಗೆ 1926ರಲ್ಲಿ ಸಿಂಹಳದಿಂದ ಮತ್ತೊಂದು ಹುಳು ತಂದು ಬಿಟ್ಟ ಮೇಲೆ ಹತೋಟಿಗೆ ಬಂತು. ಆಗ ನಮ್ಮ ಮಡಕಶಿರಾ ಸೀಮೆಯೂ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು.

ಎಸೆದ ತುಂಡು ಚಿಗುರಿತು, ನಾವು ಆರೈಕೆ ಮಾಡಿದ್ದು ಕೊಳೆಯಿತು. ಯಾಕೆ? ಎಸೆದದ್ದರ ಗಾಯ ಬಿಸಿಲುಗಾಳಿಗೆ ಒಣಗಿತ್ತು. ನಮ್ಮದು ಹಸಿಯಾಗಿತ್ತು.

ಉಳಿದೆರಡು ತುಂಡುಗಳನ್ನು ಜಗಲಿಯ ನೆರಳಿನಲ್ಲಿ ಗೋಡೆಗೆ ಒರಗಿಸಿ ಮೂರು ವಾರ ಬಿಟ್ಟೆವು. ಗಾಯ ಗಟ್ಟಿ ಸಿಪ್ಪೆಗಟ್ಟಿತು. ಬುಡ ಯಾವುದೆಂದು ಮರೆಯದಂತೆ ಸುಣ್ಣದ ಗುರುತು ಹಾಕಿದ್ದೆವು, ತಲೆಕೆಳಗಾಗಿ ನೆಡಬಾರದು. ಅರ್ಧಕ್ಕರ್ಧ ದಪ್ಪ ಮರಳು ಬೆರೆಸಿದ ಮಣ್ಣು, ತೂತಿನ ಕುಂಡ, ನಾಲ್ಕು ಬೆರಳು ಆಳ, ಆಸರೆಗೆ ಕೋಲು. ನೆಟ್ಟು ಎರಡು ವಾರ ಹನಿ ನೀರೂ ಇಲ್ಲ. ಆಮೇಲೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ ಒಂದು ಲೋಟ. ಬಿಸಿಲಿಗೂ ಒಮ್ಮೆಲೇ ಇಡಲಿಲ್ಲ, ಸುಟ್ಟ ಕಲೆ ಬೀಳುತ್ತದೆ.

ಮಾರ್ಚ್ ಕೊನೆಯಲ್ಲಿ ಆ ಹುಡುಗ ಕಾಗದ ಸುತ್ತಿ ಹಿಡಿದು ಮೆಲ್ಲಗೆ ಎಳೆದು ನೋಡಿದ. ಒಂದು ಅಲುಗಾಡಿತು. ಇನ್ನೊಂದು ಅಲುಗಲಿಲ್ಲ.