ಮಣೇಲಿನಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ

ವ್ಯಾಪಾರಕ್ಕಾಗಲಿ ಯುದ್ಧಕ್ಕಾಗಲಿ ಅಲ್ಲದೆ, ನೋಡಬೇಕೆಂಬ ಕುತೂಹಲದಿಂದಲೇ ತುಳುನಾಡಿನ ಊರುಗಳಲ್ಲಿ ಸಂಚರಿಸಿದ ಹಿಂದಿನ ವಿದೇಶೀಯರು ವಿರಳ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯು ಅಂತಹವರಲ್ಲೊಬ್ಬನು. 1623ನೆಯ ಡಿಸೆಂಬರಿನಲ್ಲಿ ಈತನು ಉಳ್ಳಾಲದ ರಾಣಿಯನ್ನು ಕಾಣಲೆಂದು ಮಂಗಳೂರಿನ ಕಡೆಯಿಂದ ಒಳನಾಡಿನ ಮಣೇಲಿಗೆ ಹೋದನು. ಊರೆಂಬುದು ಬಹುಮಟ್ಟಿಗೆ ಒಂದು ಅಂಗಡಿಬೀದಿ. ಅಲ್ಲಿಯೇ ಅಬ್ಬಕ್ಕದೇವಿಯು ಎದುರಾದಳು: ಬರಿಗಾಲು, ಸೊಂಟಕ್ಕೆ ಹತ್ತಿಯ ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ. ತಾನು ಅಗೆಯಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಹೊರಟಿದ್ದಳು. ವೇಷದಿಂದ ಅಡುಗೆಯವಳಂತೆ ಕಂಡರೂ ಮಾತಿನಿಂದ ವಿವೇಕಶಾಲಿನಿಯಾದ ಅರಸಿಯೆಂದು ಯಾತ್ರಿಕನು ಒಪ್ಪಿಕೊಂಡಿದ್ದಾನೆ. ಅರಮನೆಯಲ್ಲಿ ರಾಜಕುಮಾರನು ಬಾಳೆಯೆಲೆಯ ಮೇಲೆ ಅನ್ನವನ್ನೂ ವ್ಯಂಜನಗಳನ್ನೂ ಬಡಿಸಿಸಿದನು. ಪರದೇಶಿಯ ಪಂಕ್ತಿಯಲ್ಲಿ ತಾನು ಮಾತ್ರ ಉಣ್ಣಲಿಲ್ಲ.

ಈ ವೃತ್ತಾಂತದಲ್ಲಿ ಇತಿಹಾಸಕಾರನಿಗೆ ಅತ್ಯಂತ ಉಪಯುಕ್ತವಾದುದು ರಾಣಿಯ ವಯಸ್ಸು. ಅದು ಸುಮಾರು ನಲವತ್ತಿರಬಹುದೆಂದು ಈತನು ಬರೆದಿದ್ದಾನೆ. 1568ರಲ್ಲಿ ಪೋರ್ತುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದಾಗ ಅವರನ್ನೆದುರಿಸಿದ ಉಳ್ಳಾಲದ ರಾಣಿಯೇ ಇವಳೆಂದರೆ, 1623ಕ್ಕೆ ಎಪ್ಪತ್ತು ಮೀರಿದವಳಾಗಿರಬೇಕು. ಕಣ್ಣಳತೆಯಲ್ಲಿ ಹತ್ತು ವರ್ಷ ತಪ್ಪಬಹುದು. ಮೂವತ್ತು ವರ್ಷ ತಪ್ಪುವುದು ಸಂಭಾವ್ಯವಲ್ಲ. ಆದುದರಿಂದ ಜನಪ್ರಿಯ ಕಥೆಗಳು ಒಬ್ಬಳಿಗೇ ಆರೋಪಿಸುವ ಸಾಹಸಗಳನ್ನು ಒಂದೇ ಮನೆತನದ ಬೇರೆಬೇರೆ ರಾಣಿಯರಿಗೆ ಹಂಚಬೇಕಾಗುತ್ತದೆ. ಇದರಿಂದ ಯಾರ ಕೀರ್ತಿಗೂ ಕುಂದಿಲ್ಲ.

ಇನ್ನೊಂದು ಮಾತು. ರಾಣಿಯು ಇನ್ನೂ ಹೆಚ್ಚು ವಯಸ್ಸಾದವಳೆಂದು ಪೋರ್ತುಗೀಸರು ಈತನಿಗೆ ಮೊದಲೇ ಹೇಳಿದ್ದರು. ಹಿಂದಿನ ರಾಣಿಯನ್ನೂ ಈಕೆಯನ್ನೂ ಅವರು ಆಗಲೇ ಒಬ್ಬಳೆಂದೆಣಿಸಿದ್ದರೋ ಏನೋ.