ಶಮನವೂ ದಮನವೂ

ಆಂಗ್ಲಭಾಷೆಯ ‘ಪ್ಯಾಸಿಫೈ’, ‘ಅಪೀಜ್’ ಎಂಬೆರಡು ಶಬ್ದಗಳಿಗೂ ಮೂಲವು ಶಾಂತಿವಾಚಕವಾದ ‘ಪಾಕ್ಸ್’ ಎಂಬ ಲ್ಯಾಟಿನ್ ಶಬ್ದವೇ. ಆದರೆ ರೂಢಿಯಲ್ಲಿ ಅವು ಬೇರೆಯಾಗಿವೆ. ಬೇಡಿದುದನ್ನು ಕೊಟ್ಟು ಕೋಪವನ್ನಿಳಿಸುವದು ‘ಅಪೀಜ್’. ‘ಪ್ಯಾಸಿಫೈ’ ಎಂಬುದು ಅಳುವ ಕೂಸನ್ನು ಸಂತೈಸುವದಕ್ಕೂ ಸಲ್ಲುವದು, ದಂಡೆತ್ತಿ ನಾಡನ್ನು ಅಡಗಿಸುವದಕ್ಕೂ ಸಲ್ಲುವದು. ಸಂಸ್ಕೃತದಲ್ಲಿ ಇವೆರಡಕ್ಕೂ ಧಾತುಗಳೇ ಬೇರೆ: ಶಮ್ ಧಾತುವಿನಿಂದ ಶಮನ, ದಮ್ ಧಾತುವಿನಿಂದ ದಮನ.

ಕಿತ್ತೂರಿನ ವೃತ್ತಾಂತವನ್ನು ಬರೆಯುವವರಿಗೆ ಈ ವಿವೇಕವು ಅವಶ್ಯವಾದುದು. 1824ರಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಳ್ಳಲು, ಧಾರವಾಡದಲ್ಲಿದ್ದ ಕಂಪನಿಯ ಅಧಿಕಾರಿ ಥ್ಯಾಕರೆಯು ದತ್ತಕವನ್ನು ಮನ್ನಿಸಲಿಲ್ಲ. ಬೇಡಿದುದು ದೊರೆಯದಿರಲು ‘ಅಪೀಜ್’ ಎಂಬ ಮಾತಿಗೆ ಅಲ್ಲಿ ಎಡೆಯೇ ಉಳಿಯಲಿಲ್ಲ. ಅಕ್ಟೋಬರ 23ರಂದು ಕೋಟೆಯ ಮುಂದೆ ಥ್ಯಾಕರೆಯು ಹತನಾದನು; ಡಿಸೆಂಬರದಲ್ಲಿ ಕೋಟೆಯು ಕಂಪನಿಯ ವಶವಾಯಿತು. ಚೆನ್ನಮ್ಮ ರಾಣಿಯು ಬೈಲಹೊಂಗಲದ ಸೆರೆಯಲ್ಲಿದ್ದು 1829ರಲ್ಲಿ ದಿವಂಗತಳಾದಳು. ನಾಡು ಮೇಲೆ ಶಾಂತವಾಗಿ ತೋರಿತು. ಒಳಗೆ ಕೆಂಡವು ಆರಿರಲಿಲ್ಲ. ಸಂಗೊಳ್ಳಿಯ ರಾಯಣ್ಣನು ಮತ್ತೆ ಜನರನ್ನು ಕೂಡಿಸಿ ಎದ್ದನು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

1824ರಲ್ಲಿ ಆದುದು ಶಮನವೇ ಆಗಿದ್ದರೆ ರಾಯಣ್ಣನು ಏಳುವ ಕಾರಣವೇ ಇರಲಿಲ್ಲ. ಆದುದರಿಂದ ಇಂಥ ಕಡೆಯಲ್ಲಿ ‘ಪ್ಯಾಸಿಫೈ’ ಎಂಬುದನ್ನು ‘ಶಾಂತಗೊಳಿಸಿದರು’ ಎಂದು ಕನ್ನಡಿಸಲಾಗದು. ‘ದಮನ ಮಾಡಿದರು’ ಎಂದೇ ಬರೆಯತಕ್ಕದ್ದು.